ಐದು ವರ್ಷದ ಕಾಗದ, ಒಂದು ಹಲ್ಲಿ ಮತ್ತು ನಮ್ಮ ಗಣಿತದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ಮಾತನಾಡಲು ಕರೆದಿದ್ದಕ್ಕೆ ಸಮಿತಿಗೆ ನಾನು ಋಣಿ. ‘ಜೀವನದಲ್ಲಿ ಯಶಸ್ಸು’ ಎಂಬ ವಿಷಯದ ಮೇಲೆ ಮಾತನಾಡಿ ಎಂದು ಮೊದಲು ಹೇಳಿದ್ದರು. ಆ ವಿಷಯಕ್ಕೆ ನನಗಿಂತ ಯೋಗ್ಯರು ಈ ಸಭೆಯಲ್ಲಿ ಬಹಳ ಮಂದಿ ಇದ್ದಾರೆ. ಹಾಗಾಗಿ ನನಗೆ ಸ್ವಲ್ಪ ಗೊತ್ತಿರುವ, ಪೆಟ್ಟು ತಿಂದು ಕಲಿತ ಒಂದು ಸಣ್ಣ ವಿಷಯ ಹೇಳಲು ಅನುಮತಿ ಕೇಳಿದೆ. ಟೀವಿ, ಫ್ರಿಜ್, ಮೊಬೈಲು, ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವರು ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರಲ್ಲ, ‘ಸರ್, ಎಕ್ಸ್‌ಟೆಂಡೆಡ್ ವಾರಂಟಿ ಹಾಕಲಾ?’ ಅಂತ. ಆ ಪ್ರಶ್ನೆಗೆ ಹೌದು ಅನ್ನಬೇಕೋ ಬೇಡ ಅನ್ನಬೇಕೋ, ಇಷ್ಟೇ ನನ್ನ ಇವತ್ತಿನ ವಿಷಯ. ಸಣ್ಣದು ಅನ್ನಿಸಬಹುದು. ಆದರೆ ನಮ್ಮಂಥ ಮನೆಗಳಲ್ಲಿ ವರ್ಷಕ್ಕೊಮ್ಮೆ ಮಾಡುವ ದೊಡ್ಡ ಖರ್ಚು ಇದೇ.

ಒಂದು ಹಳೆಯ ಕತೆಯಿಂದ ಶುರು ಮಾಡುತ್ತೇನೆ. 2003ರ ವಿಶ್ವಕಪ್ ಕ್ರಿಕೆಟ್ ನಿಮಗೆಲ್ಲ ನೆನಪಿರಬಹುದು. ನಾನಾಗ ಇದೇ ಶಾಲೆಯಲ್ಲಿ ಎಂಟನೆಯ ತರಗತಿ. ಅಪ್ಪ ಕಾರವಾರಕ್ಕೆ ಹೋಗಿ ಕಂತಿನ ಮೇಲೆ ಒಂದು ಕಲರ್ ಟೀವಿ ತಂದರು. ಮಾರ್ಚ್ 23ರ ಫೈನಲ್‌ನಲ್ಲಿ ಆಸ್ಟ್ರೇಲಿಯದ ಎದುರು ಭಾರತ ಸೋತದ್ದನ್ನು ನಮ್ಮ ಮನೆಯ ಹೊಸ ಟೀವಿಯಲ್ಲಿ ಕೇರಿಯ ಮುಕ್ಕಾಲು ಜನ ಕೂತು ನೋಡಿದ್ದರು. ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಸಿಡಿಲು. ಕೇಬಲ್ ವೈರ್ ತೆಗೆಯಲು ಮರೆತಿದ್ದೆವು. ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಅಷ್ಟೇ.

ಅಪ್ಪ ವಾರಂಟಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಜಮೀನಿನ ಕಾಗದದ ಜೊತೆ ಇಟ್ಟಿದ್ದರು. ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದೆವು. ಅಂಗಡಿಯವರು ಕಾರ್ಡಿನ ಹಿಂದೆ ಇರುವೆಯಂಥ ಅಕ್ಷರ ತೋರಿಸಿ, ‘ದೇವರು ಮಾಡಿದ ಕೆಲಸಕ್ಕೆ ಕಂಪನಿ ಜವಾಬ್ದಾರಿ ಅಲ್ಲ ನೋಡಿ’ ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಸುಟ್ಟ ಟೀವಿಯ ಕಂತು ಮುಂದಿನ ಫೆಬ್ರವರಿವರೆಗೆ ಕಟ್ಟಿದರು.

ವಾರಂಟಿ ಅಂದರೆ ಏನು ಎಂಬುದು ನನಗೆ ಅವತ್ತು ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ವಾರಂಟಿ ಎಂದರೆ ‘ಈ ವಸ್ತು ಕೆಡುವುದಿಲ್ಲ’ ಎಂಬ ಮಾತಲ್ಲ. ‘ಕೆಟ್ಟರೆ ಹೇಗಿದ್ದರೂ ಸರಿ ಮಾಡಿಕೊಡುತ್ತೇವೆ’ ಎಂಬ ಮಾತೂ ಅಲ್ಲ. ‘ನಾವು ತಯಾರಿಸಿದ್ದರಲ್ಲೇ ದೋಷ ಇದ್ದರೆ, ಇಷ್ಟು ದಿನದೊಳಗೆ ಗೊತ್ತಾದರೆ, ಇಂಥಿಂಥ ಭಾಗಗಳನ್ನು ಸರಿ ಮಾಡಿಕೊಡುತ್ತೇವೆ’ ಎಂಬ ಷರತ್ತಿನ ಮಾತು ಅದು. ಸಿಡಿಲು, ನೆರೆ, ವೋಲ್ಟೇಜ್ ಏರಿಳಿತ, ಇಲಿ, ಹಲ್ಲಿ, ಇರುವೆ, ಬಿದ್ದು ಒಡೆದದ್ದು, ನೀರು ಹೋದದ್ದು, ಇವೆಲ್ಲ ಸಾಮಾನ್ಯವಾಗಿ ಅದರ ಹೊರಗೆ. ಈಗ ನಮ್ಮ ಊರನ್ನು ನೆನಪು ಮಾಡಿಕೊಳ್ಳಿ. ಇಲ್ಲಿ ವಸ್ತುಗಳು ಯಾವುದರಿಂದ ಕೆಡುತ್ತವೆ? ಸಿಡಿಲು, ವೋಲ್ಟೇಜು, ತೇವ, ಉಪ್ಪುಗಾಳಿ, ಹಲ್ಲಿ. ಅಂದರೆ ಕಾಗದ ಯಾವುದನ್ನು ಬಿಡುತ್ತದೋ ನಮ್ಮ ಕರಾವಳಿ ಅದನ್ನೇ ಹಿಡಿಯುತ್ತದೆ.

ಎರಡನೆಯ ಕತೆ ನನ್ನದೇ ತಪ್ಪಿನದು. ಇದನ್ನು ಈ ಶಾಲೆಯ ಅಂಗಳದಲ್ಲಿ ನಿಂತು ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ನಾನು ಸೇರಿದ ಒಂದು ಕಂಪನಿ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿತ್ತು. 2016ರಲ್ಲಿ ನನಗೆ ಸಿಕ್ಕ ಕೆಲಸ, ಗ್ರಾಹಕ ಹಣ ಕಟ್ಟುವ ಮೊದಲಿನ ಕೊನೆಯ ಪುಟ. ಅಲ್ಲಿ ‘ಎರಡು ವರ್ಷದ ಹೆಚ್ಚುವರಿ ರಕ್ಷಣೆ’ ಎಂಬ ಒಂದು ಚೌಕ ಇತ್ತು. ಆ ಚೌಕದಲ್ಲಿ ಮೊದಲೇ ಟಿಕ್ ಗುರುತು ಹಾಕಿರಬೇಕು ಅಂತ ಮೇಲಿನಿಂದ ಹೇಳಿದರು. ಬೇಡದವರು ಅದನ್ನು ಹುಡುಕಿ ತೆಗೆಯಬೇಕು. ಪ್ರೋಗ್ರಾಮಿನಲ್ಲಿ ಅದು ಒಂದೇ ಪದದ ವ್ಯತ್ಯಾಸ, ‘ಫಾಲ್ಸ್’ ಇದ್ದದ್ದನ್ನು ‘ಟ್ರೂ’ ಮಾಡಬೇಕು. ನಾನು ಮಾಡಿದೆ. ಒಂದು ನಿಮಿಷದ ಕೆಲಸ. ಮರುವಾರ ಆ ಪ್ಲಾನಿನ ಮಾರಾಟ ಏರಿದೆ ಅಂತ ನಮ್ಮ ತಂಡಕ್ಕೆ ಕೇಕ್ ಕೊಡಿಸಿದರು. ನಾನೂ ತಿಂದೆ. ಆ ಟಿಕ್ ನೋಡದೆ ಹಣ ಕಟ್ಟಿದವರಲ್ಲಿ ನನ್ನ ಅಪ್ಪನಂಥವರು ಎಷ್ಟು ಜನ ಇದ್ದರೋ.

ಈಗ ಕಾನೂನು ಇದಕ್ಕೆ ಅಡ್ಡ ನಿಂತಿದೆ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಮೊದಲೇ ಟಿಕ್ ಹಾಕಿಟ್ಟು ಗ್ರಾಹಕನ ಒಪ್ಪಿಗೆ ಪಡೆಯುವಂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯನ್ನೇ ಹೊರಡಿಸಿತು. ಅವಕ್ಕೆ ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತಾರೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅದರಲ್ಲಿ ಒಂದು. ‘ಇನ್ನು ಎರಡೇ ಉಳಿದಿವೆ’, ‘ಇನ್ನು ಹತ್ತು ನಿಮಿಷ ಮಾತ್ರ’ ಅಂತ ಸುಳ್ಳು ಅವಸರ ಹುಟ್ಟಿಸುವುದು ಇನ್ನೊಂದು. ‘ಬೇಡ’ ಅನ್ನುವವನಿಗೆ ನಾಚಿಕೆಯಾಗುವಂತೆ ಬರೆಯುವುದು ಮತ್ತೊಂದು. ಮಕ್ಕಳೇ, ನಾಳೆ ನಿಮ್ಮಲ್ಲಿ ಕೆಲವರು ನನ್ನ ಕೆಲಸಕ್ಕೇ ಬರುತ್ತೀರಿ. ಒಂದು ಪದ ಬದಲಿಸಲು ನಿಮಗೂ ಹೇಳುತ್ತಾರೆ. ಆ ಪುಟದ ಆಚೆ ತುದಿಯಲ್ಲಿ ಯಾರು ಕೂತಿದ್ದಾರೆ ಅಂತ ಒಮ್ಮೆ ಯೋಚಿಸಿ.

ನನಗೆ ಅದು ಗೊತ್ತಾದದ್ದು 2023ರಲ್ಲಿ. 2021ರ ದೀಪಾವಳಿ ಸೇಲಿನಲ್ಲಿ ಬೆಂಗಳೂರಿನಿಂದಲೇ ಅಮ್ಮನಿಗೆ ಒಂದು ಫ್ರಿಜ್ ತರಿಸಿದ್ದೆ. ಬೆಲೆ 23,990. ಕಂಪನಿಯ ವಾರಂಟಿ ಒಂದು ವರ್ಷ. ಅದರ ಮೇಲೆ ಇನ್ನೆರಡು ವರ್ಷಕ್ಕೆ 2,299 ರೂಪಾಯಿಯ ಪ್ಲಾನ್. ಇಂಥ ಟಿಕ್ ಹಾಕಿದವನೇ ಆದರೂ ನಾನು ಈ ಬಾರಿ ಬೇಕೆಂದೇ ಕೊಂಡೆ. ಯಾಕೆ? ಅಮ್ಮ ಒಬ್ಬಳೇ ಇರುತ್ತಾಳೆ, ಏನಾದರೂ ಆದರೆ ಯಾರಾದರೂ ಬರುತ್ತಾರೆ, ನನಗೆ ನಿಶ್ಚಿಂತೆ. ಹೊರಗಿರುವ ಮಕ್ಕಳು ನಾವು, ಸಮಾಧಾನವನ್ನು ದುಡ್ಡು ಕೊಟ್ಟು ಕೊಳ್ಳುತ್ತೇವೆ.

2023ರ ಜೂನಿನಲ್ಲಿ, ಮಳೆ ಹಿಡಿದ ಮೊದಲ ವಾರ, ಫ್ರಿಜ್ ನಿಂತಿತು. ನಾನು ಬೆಂಗಳೂರಿನಿಂದ ಪ್ಲಾನಿನವರಿಗೆ ಫೋನ್ ಮಾಡಿದೆ. ದೂರಿನ ಸಂಖ್ಯೆ ಕೊಟ್ಟರು. ‘48 ಗಂಟೆಯಲ್ಲಿ ತಂತ್ರಜ್ಞರು ಬರುತ್ತಾರೆ’ ಅಂದರು. ಹನ್ನೊಂದು ದಿನ ಯಾರೂ ಬರಲಿಲ್ಲ. ಆಗ ತಿಳಿಯಿತು, ಆ ಪ್ಲಾನ್ ಫ್ರಿಜ್ ಮಾಡಿದ ಕಂಪನಿಯದ್ದೇ ಅಲ್ಲ, ಮಧ್ಯದ ಇನ್ನೊಬ್ಬರದ್ದು. ಅವರ ಪಟ್ಟಿಯಲ್ಲಿ ನಮಗೆ ಹತ್ತಿರದ ರಿಪೇರಿಯವರು ಇದ್ದದ್ದು ಹುಬ್ಬಳ್ಳಿಯಲ್ಲಿ. ಹನ್ನೆರಡನೆಯ ದಿನ ಒಬ್ಬರು ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ, ‘ಸ್ಟೆಬಿಲೈಜರ್ ಇಲ್ಲ ಅಂತೀರಿ, ಇದು ವೋಲ್ಟೇಜ್ ಸಮಸ್ಯೆ, ಪ್ಲಾನಿನಲ್ಲಿ ಬರುವುದಿಲ್ಲ’ ಅಂತ ದೂರನ್ನು ಮುಚ್ಚಿದರು.

ನಾನು ‘ಅಮ್ಮಾ, ಸ್ವಲ್ಪ ದಿನ ಹಾಲು ಮೊಸರು ದಿನದಿನಕ್ಕೆ ತರಿಸಿಕೋ’ ಅಂದಿದ್ದೆ. ಅವಳು ‘ಅದಕ್ಕೇನಂತೆ’ ಅಂದಿದ್ದಳು. ನಾನು ಮರೆತಿದ್ದ ಸಂಗತಿ ಬೇರೆ ಇತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಒಡೆಯದ ಇನ್ಸುಲಿನ್ ಬಾಟಲಿಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಫ್ರಿಜ್ ನಮ್ಮ ಮನೆಗೆ ಬಂದದ್ದೇ ಮುಖ್ಯವಾಗಿ ಅದಕ್ಕೆ. ಹದಿನೈದನೆಯ ದಿನ ನಾನು ರಜೆ ಹಾಕಿ ಬಂದಾಗ ನೋಡಿದೆ. ಅಡಿಗೆಮನೆಯ ಮೂಲೆಯಲ್ಲಿ ಮಣ್ಣಿನ ಮಡಕೆ, ಅದರೊಳಗೆ ನೀರು, ನೀರಿನಲ್ಲಿ ಸಣ್ಣ ಡಬ್ಬಿ, ಮೇಲೆ ಒದ್ದೆ ಬಟ್ಟೆ. ಡಬ್ಬಿಯಲ್ಲಿ ಅಮ್ಮನ ಔಷಧ. ‘ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಡಬಹುದಿತ್ತಲ್ಲ’ ಅಂದೆ. ‘ದಿನಾ ಎರಡು ಸಲ ಅವರ ಬಾಗಿಲು ತಟ್ಟುವುದು ಸರಿಯಲ್ಲ’ ಅಂದಳು. ಮಡಕೆಯ ತಂಪು ಏನೂ ಇಲ್ಲದ್ದಕ್ಕಿಂತ ಒಳ್ಳೆಯದು ನಿಜ. ಆದರೆ ಆ ಮಳೆಗಾಲದ ತೇವದ ಹವೆಯಲ್ಲಿ ನೀರು ಆರುವುದೇ ಇಲ್ಲ, ಆರದಿದ್ದರೆ ಮಡಕೆ ತಂಪಾಗುವುದೂ ಇಲ್ಲ. ಆವಿಯಾಗುವಿಕೆಯಿಂದ ತಂಪು ಎಂಬುದನ್ನು ಇದೇ ಶಾಲೆಯ ವಿಜ್ಞಾನದ ಅಕ್ಕೋರು ನನಗೆ ಕಲಿಸಿದ್ದರು. ಆ ಬಾಟಲಿಗಳನ್ನು ಎಸೆದು ಹೊಸದು ತಂದೆವು. ಅಮ್ಮನ ಸಕ್ಕರೆ ಆ ವಾರ ಪರೀಕ್ಷೆ ಮಾಡಿಸಿದಾಗ ಮುನ್ನೂರರ ಮೇಲಿತ್ತು.

ಮತ್ತೆ ಫ್ರಿಜ್ ಸರಿ ಮಾಡಿದವರು ಯಾರು? ನನ್ನ ಜೊತೆ ಇದೇ ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತವನು. ಎಸ್‌ಎಸ್‌ಎಲ್‌ಸಿ ಎರಡನೆಯ ಸಲಕ್ಕೆ ಪಾಸಾಗಿ, ಐಟಿಐ ಮಾಡಿ, ಈಗ ಬೈಕಿನಲ್ಲಿ ಊರೂರು ಸುತ್ತಿ ರಿಪೇರಿ ಮಾಡುತ್ತಾನೆ. ಇಲ್ಲೇ ಸಭೆಯಲ್ಲಿ ಇದ್ದಾನೆ, ಹೆಸರು ಹೇಳಬೇಡ ಅಂದಿದ್ದಾನೆ. ಒಂದು ತಾಸಿನಲ್ಲಿ ಬಂದ. ಹಿಂದಿನ ಮುಚ್ಚಳ ಬಿಚ್ಚಿದ. ಸರ್ಕ್ಯೂಟ್ ಬೋರ್ಡಿನ ಮೇಲೆ ಎರಡು ತಂತಿಗಳ ನಡುವೆ ಒಂದು ಹಲ್ಲಿ ಸುಟ್ಟು ಅಂಟಿಕೊಂಡಿತ್ತು. ಬೋರ್ಡ್ ಬದಲಿಸಿ ಒಟ್ಟು 2,600 ರೂಪಾಯಿ ತೆಗೆದುಕೊಂಡ. ಆಮೇಲೆ ಹಿಂದಿನ ಸಂದಿಗೆ ಸಣ್ಣ ಜಾಲರಿ ಹಾಕಿ, ‘ಗಾಳಿ ಆಡಬೇಕು, ಹಲ್ಲಿ ಹೋಗಬಾರದು’ ಅಂದ. ನಾನು ಪ್ಲಾನಿನ ಕಾಗದ ತೆಗೆದು ಓದಿದೆ. ವೋಲ್ಟೇಜ್ ಅಂದದ್ದು ತಪ್ಪು. ಆದರೆ ಹಲ್ಲಿಯೂ ಅದರಲ್ಲಿ ಇರಲಿಲ್ಲ, ‘ಕೀಟ ಮತ್ತು ಪ್ರಾಣಿಗಳಿಂದಾದ ಹಾನಿ ಹೊರತುಪಡಿಸಿ’ ಅಂತ ಸ್ಪಷ್ಟವಾಗಿ ಇತ್ತು. ಕೊಳ್ಳುವ ದಿನ ನಾನು ಅದನ್ನು ಓದಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಗಣಿತದ ಮಾಸ್ತರು ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಪಾಠ ಮಾಡುವಾಗ ಚೀಲದಲ್ಲಿ ಗೋಲಿ ಹಾಕಿ ತೆಗೆಸುತ್ತಿದ್ದರು. ‘ಸರ್, ಇದರಿಂದ ಏನು ಉಪಯೋಗ?’ ಅಂತ ಕೇಳಿದವನು ನಾನೇ. ಉತ್ತರ ಇಪ್ಪತ್ತು ವರ್ಷದ ನಂತರ ಸಿಕ್ಕಿತು.

ಪ್ಲಾನಿನ ಬೆಲೆ 2,299. ಫ್ರಿಜ್ಜಿನ ಒಂದು ಸಾಮಾನ್ಯ ರಿಪೇರಿಗೆ ಸುಮಾರು 3,000 ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ಸುಮಾರು 0.77. ಅಂದರೆ ಆ ಎರಡು ವರ್ಷದಲ್ಲಿ ಫ್ರಿಜ್ ಕೆಡುವ ಸಂಭವ ನೂರಕ್ಕೆ 77ಕ್ಕಿಂತ ಹೆಚ್ಚಿದ್ದರೆ ಮಾತ್ರ ಪ್ಲಾನ್ ಕೊಂಡವನಿಗೆ ಲಾಭ. ಅಷ್ಟು ಕೆಡುವ ಫ್ರಿಜ್ ಆಗಿದ್ದರೆ ಅದನ್ನು ಕೊಳ್ಳುವುದೇ ತಪ್ಪು! ಬೇರೆ ರೀತಿ ನೋಡಿ. ಹತ್ತು ಮನೆಯವರು ಪ್ಲಾನ್ ಕೊಂಡರೆ 22,990 ರೂಪಾಯಿ ಸೇರುತ್ತದೆ. ಹತ್ತರಲ್ಲಿ ಎರಡು ಕೆಟ್ಟರೆ ರಿಪೇರಿಗೆ 6,000. ಉಳಿದದ್ದು ಮಾರಿದವರ ಕಮಿಷನ್ನು, ಆಫೀಸು, ಜಾಹೀರಾತು, ಲಾಭ. ಅಂಗಡಿಯ ಹುಡುಗ ಫ್ರಿಜ್ ಮಾರುವುದಕ್ಕಿಂತ ಪ್ಲಾನ್ ಮಾರಲು ಯಾಕೆ ಹೆಚ್ಚು ಉತ್ಸಾಹ ತೋರಿಸುತ್ತಾನೆ ಅಂತ ಈಗ ಗೊತ್ತಾಯಿತಲ್ಲ. ಅವನ ಮೇಲೆ ಸಿಟ್ಟಾಗಬೇಡಿ, ಅವನಿಗೆ ತಿಂಗಳ ಗುರಿ ಕೊಟ್ಟಿರುತ್ತಾರೆ.

ಇನ್ನೊಂದು ಸಂಗತಿ ಎಂಜಿನಿಯರಿಂಗ್ ಓದುವಾಗ ಕಲಿತದ್ದು. ಯಂತ್ರಗಳು ಕೆಡುವ ರೀತಿಯನ್ನು ಗೆರೆ ಎಳೆದು ತೋರಿಸಿದರೆ ಅದು ಸ್ನಾನದ ತೊಟ್ಟಿಯ ಆಕಾರದಲ್ಲಿರುತ್ತದೆ. ತಯಾರಿಕೆಯ ದೋಷ ಇದ್ದದ್ದು ಮೊದಲ ತಿಂಗಳುಗಳಲ್ಲೇ ಕೆಡುತ್ತದೆ. ನಡುವಿನ ಕೆಲವು ವರ್ಷ ಶಾಂತ. ಕೊನೆಗೆ ಸವೆದು ಮತ್ತೆ ಕೆಡಲು ಶುರು. ಕಂಪನಿಯ ಉಚಿತ ವಾರಂಟಿ ಮೊದಲ ಏರನ್ನು ನೋಡಿಕೊಳ್ಳುತ್ತದೆ. ನಾವು ಹಣ ಕೊಟ್ಟು ಕೊಳ್ಳುವ ಎರಡನೆಯ, ಮೂರನೆಯ ವರ್ಷ ಬಹುಪಾಲು ಆ ಶಾಂತವಾದ ನಡುಭಾಗ. ಎಂಟನೆಯ ವರ್ಷಕ್ಕೆ ಬೇಕಾದಾಗ ಯಾರೂ ಅದನ್ನು ಮಾರುವುದಿಲ್ಲ.

ಹಾಗಾದರೆ ವಾರಂಟಿ ಎಂಬುದೇ ಕೆಟ್ಟದ್ದೇ? ಅಲ್ಲ. ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದ. ಮುಂದೆ 2001ರಲ್ಲಿ ಅವನಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಮಾರುವವನಿಗೆ ವಸ್ತುವಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರ ತುಂಬಲು ಇರುವ ದಾರಿಗಳಲ್ಲಿ ಗ್ಯಾರಂಟಿಯೂ ಒಂದು ಅಂತ ಅವನ ಮಾತು. ಅಂದರೆ ತಯಾರಿಸಿದ ಕಂಪನಿ ತಾನಾಗಿಯೇ, ಬೆಲೆಯೊಳಗೇ, ಹೆಚ್ಚು ವರ್ಷದ ವಾರಂಟಿ ಕೊಟ್ಟರೆ ಅದು ಅವರ ವಿಶ್ವಾಸದ ಗುರುತು. ಅದನ್ನು ನೋಡಿ ಕೊಳ್ಳಿ. ಆದರೆ ಇಲ್ಲೂ ಎಚ್ಚರ ಬೇಕು. ‘ಹತ್ತು ವರ್ಷ ವಾರಂಟಿ’ ಅಂತ ದೊಡ್ಡದಾಗಿ ಬರೆದದ್ದು ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಬೋರ್ಡು, ಗ್ಯಾಸ್, ಬಂದು ಹೋಗುವ ಖರ್ಚು, ಕೂಲಿ ಬೇರೆ ಇರಬಹುದು. ಕೇಳಿ, ಬರೆಸಿಕೊಳ್ಳಿ.

ಪ್ಲಾನ್ ಕೊಳ್ಳಬಹುದಾದ ಸಂದರ್ಭಗಳೂ ಇವೆ. ಹಾಸ್ಟೆಲಿಗೆ ಹೋಗುವ ಮಗಳ ಲ್ಯಾಪ್‌ಟಾಪ್ ದಿನಾ ಬಸ್ಸಿನಲ್ಲಿ ಓಡಾಡುತ್ತದೆ. ಬಿದ್ದರೆ, ನೀರು ಚೆಲ್ಲಿದರೆ ಕೂಡ ಸರಿ ಮಾಡಿಕೊಡುವ ಪ್ಲಾನ್, ಅದೂ ತಯಾರಿಸಿದ ಕಂಪನಿಯದ್ದೇ ಆದರೆ, ಲೆಕ್ಕ ಹಾಕಿ ತೆಗೆದುಕೊಳ್ಳಿ. ದೊಡ್ಡ ಟೀವಿಯ ಪ್ಯಾನೆಲ್ ಹೋದರೆ ಹೊಸ ಟೀವಿಯ ಹತ್ತಿರ ಹತ್ತಿರ ಖರ್ಚು ಬರುತ್ತದೆ. ಒಂದು ರಿಪೇರಿಯೇ ಮನೆಯ ತಿಂಗಳನ್ನು ಮುರಿಯುವಂತಿದ್ದರೆ, ಸ್ವಲ್ಪ ನಷ್ಟವಾದರೂ ಭದ್ರತೆ ಕೊಳ್ಳುವುದು ತಪ್ಪಲ್ಲ. ನಾನು ಕೇಳುವ ಪ್ರಶ್ನೆ ನಾಲ್ಕು. ಕಾಗದ ಕೊಡುವವರು ಯಾರು, ತಯಾರಿಸಿದವರೋ ಮಧ್ಯದವರೋ? ಏನೇನು ಸೇರಿಲ್ಲ? ರಿಪೇರಿ ಮಾಡುವವರು ಕಾರವಾರದಲ್ಲೋ ಅಂಕೋಲೆಯಲ್ಲೋ ಇದ್ದಾರೆಯೇ? ಈ ಖರ್ಚನ್ನು ನಾನೇ ಭರಿಸಿದರೆ ನನ್ನ ಮನೆ ನಡೆಯುತ್ತದೆಯೇ?

ಈಗ ಆಫರ್‌ಗಳ ಬಗ್ಗೆ ನಾಲ್ಕು ಮಾತು. ಪೊಟ್ಟಣದ ಮೇಲಿನ ಎಂಆರ್‌ಪಿ ಅಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ, ವಸ್ತುವಿನ ನಿಜವಾದ ಬೆಲೆ ಅಲ್ಲ. ‘ನೂರಕ್ಕೆ ಐವತ್ತು ಕಡಿಮೆ’ ಅನ್ನುವುದು ಆ ಮಿತಿಯಿಂದ ಇಳಿಸಿದ ಲೆಕ್ಕ. ಕೊಳ್ಳುವ ಒಂದು ತಿಂಗಳ ಮೊದಲೇ ಮಾದರಿಯ ಸಂಖ್ಯೆ ಬರೆದಿಟ್ಟುಕೊಂಡು, ಎರಡು ಮೂರು ಕಡೆಯ ಬೆಲೆ ನೋಡುತ್ತಾ ಬನ್ನಿ. ಹಬ್ಬದ ದಿನ ಎಷ್ಟು ಇಳಿದಿದೆ ಅಂತ ಆಗ ಗೊತ್ತಾಗುತ್ತದೆ. ಮೊದಲು ನಮ್ಮವರು ಟೀವಿಗೆ ಮಡಗಾಂವಕ್ಕೆ ಹೋಗುತ್ತಿದ್ದರು, ತೆರಿಗೆಯ ವ್ಯತ್ಯಾಸ ಇತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಎರಡೂ ಕಡೆ ಒಂದೇ. 2025ರ ಸೆಪ್ಟೆಂಬರ್ 22ರಿಂದ ಎಸಿ ಮತ್ತು 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ಹಳೆಯ ಎಂಆರ್‌ಪಿ ಚೀಟಿ ತೋರಿಸಿ ‘ನಾವೇ ಬಿಟ್ಟೆವು’ ಅಂದರೆ ಅದರಲ್ಲಿ ಸರ್ಕಾರ ಬಿಟ್ಟದ್ದೂ ಇದೆ ಅಂತ ನೆನಪಿರಲಿ.

‘ನೋ ಕಾಸ್ಟ್ ಇಎಂಐ’ ಅಂದರೂ ಬಡ್ಡಿ ಇಲ್ಲ ಅಂತಲ್ಲ. ಶೂನ್ಯ ಬಡ್ಡಿಯ ಯೋಜನೆಗಳು ಸರಿಯಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿಯಷ್ಟು ಹಣವನ್ನು ಒಂದು ಕಡೆ ರಿಯಾಯಿತಿಯಾಗಿ ಬಿಟ್ಟು, ಇನ್ನೊಂದು ಕಡೆ ಬಡ್ಡಿಯಾಗಿ ತೆಗೆದುಕೊಳ್ಳುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಸೇರುತ್ತದೆ. ಒಮ್ಮೆಗೇ ಕೊಟ್ಟರೆ ಎಷ್ಟು ಅಂತ ಮೊದಲು ಕೇಳಿ. ಫ್ರಿಜ್ಜಿನ ಮೇಲಿನ ನಕ್ಷತ್ರದ ಚೀಟಿಯಲ್ಲಿ ನಕ್ಷತ್ರ ಮಾತ್ರ ಎಣಿಸಬೇಡಿ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದನ್ನು ಓದಿ. ನಕ್ಷತ್ರದ ಅಳತೆ ಆಗಾಗ ಬದಲಾಗುತ್ತದೆ, ಯೂನಿಟ್ ಬದಲಾಗುವುದಿಲ್ಲ. ಬಿಲ್ ಇಲ್ಲದೆ ಇನ್ನೂರು ಕಡಿಮೆ ಅಂದರೆ ಬೇಡ ಅನ್ನಿ. ಬಿಲ್ ಕೊಟ್ಟ ದಿನವೇ ಅದರ ಫೋಟೋ ತೆಗೆದಿಡಿ, ಈಗಿನ ಬಿಲ್ಲಿನ ಅಕ್ಷರ ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ.

ಪ್ಲಾನಿಗೆ ಕೊಡದೆ ಉಳಿದ ಹಣವನ್ನು ಏನು ಮಾಡಬೇಕು? ಮೊದಲು ಮನೆಯ ಅರ್ಥಿಂಗ್ ಸರಿ ಇದೆಯೇ ನೋಡಿಸಿ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್, ಕ್ಷಣದ ಹೊಡೆತಕ್ಕೆ ಸರ್ಜ್ ಪ್ರೊಟೆಕ್ಟರ್; ಇವೆರಡೂ ಬೇರೆ ಬೇರೆ. ಸಿಡಿಲಿಗೆ ಇವೆರಡನ್ನೂ ನಂಬಬೇಡಿ, ಪ್ಲಗ್ ಮತ್ತು ಕೇಬಲ್ ಎರಡೂ ಕಿತ್ತಿಡಿ. ನೆರೆಯ ಮಾತು ಬೇರೆ. ಕದ್ರಾ, ಕೊಡಸಳ್ಳಿ, ಸೂಪಾ ಅಂತ ನಾಡಿಗೆಲ್ಲ ಬೆಳಕು ಕೊಡುವ ನದಿ ನಮ್ಮ ಕಾಳಿ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹಾನಿಗೆ ಯಾವ ವಾರಂಟಿಯೂ ಇಲ್ಲ, ಅದಕ್ಕೆ ಬೇಕಾದದ್ದು ವಿಮೆ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ವಿಮೆ ಬಂದಿದೆ. ಬೆಂಕಿ, ಸಿಡಿಲು, ನೆರೆ, ಬಿರುಗಾಳಿ, ಭೂಕುಸಿತ ಇದರಲ್ಲಿ ಸೇರಿವೆ. ಮನೆಗೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, 10 ಲಕ್ಷದ ಮಿತಿಯೊಳಗೆ, ಒಳಗಿನ ಸಾಮಾನಿಗೂ ತಾನಾಗಿಯೇ ಸೇರುತ್ತದೆ. ಫ್ರಿಜ್ಜಿಗೆ ಎರಡು ಸಾವಿರ ಕೊಡುವ ಮೊದಲು ಇದರ ಬಗ್ಗೆ ವಿಚಾರಿಸಿ.

ಮೋಸ ಆದರೆ? 1986ರ ಗ್ರಾಹಕ ಕಾಯ್ದೆಯ ಬದಲು 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ನೀವು ಬೆಂಗಳೂರಿನಲ್ಲಿ ಕೊಂಡಿದ್ದರೂ, ಮೊಬೈಲಿನಲ್ಲಿ ತರಿಸಿದ್ದರೂ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಾನೂ ಮಾಡಿದೆ. ತಂತ್ರಜ್ಞರನ್ನು ಕಳಿಸದೆ ದೂರು ಮುಚ್ಚಿದ್ದು ತಪ್ಪು ಅಂತ ಬರೆದೆ. ಮೂರು ವಾರದಲ್ಲಿ ಪ್ಲಾನಿನ 2,299 ರೂಪಾಯಿ ವಾಪಸು ಬಂತು. ರಿಪೇರಿಯ ಹಣ ಬರಲಿಲ್ಲ, ನಾನೂ ಕೇಳಲಿಲ್ಲ. ಅಮ್ಮನ ಹದಿನೈದು ದಿನಕ್ಕೆ ಬೆಲೆ ಕಟ್ಟುವ ಕಾಲಂ ಅವರ ಅರ್ಜಿಯಲ್ಲಿ ಇರಲಿಲ್ಲ.

ಕೊನೆಯದಾಗಿ ನಮ್ಮ ಶಾಲೆಯದೇ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಸೇರಿ 12 ಕಂಪ್ಯೂಟರ್ ಮತ್ತು ಒಂದು ಸ್ಮಾರ್ಟ್ ಬೋರ್ಡ್ ಕೊಡುತ್ತಿದ್ದೇವೆ. ದರಪಟ್ಟಿಯಲ್ಲಿ ಪ್ರತಿ ಕಂಪ್ಯೂಟರಿಗೆ 38,000, ಮೇಲೆ ಎರಡು ವರ್ಷದ ಹೆಚ್ಚುವರಿ ವಾರಂಟಿಗೆ 3,500 ಅಂತ ಇತ್ತು. ಹನ್ನೆರಡಕ್ಕೆ 42,000. ಸಮಿತಿಯಲ್ಲಿ ಎರಡು ಗಂಟೆ ಚರ್ಚೆ ಆಯಿತು. ‘ದಾನಿಗಳ ಹಣ, ಕೆಟ್ಟರೆ ಯಾರು ಉತ್ತರ ಕೊಡುತ್ತಾರೆ, ವಾರಂಟಿ ಇರಲಿ’ ಅಂತ ಹಿರಿಯರು ಹೇಳಿದರು. ಅವರ ಭಯ ನ್ಯಾಯವಾದದ್ದು. ನಾನು ಹೇಳಿದ್ದು ಇಷ್ಟೇ. ಒಂದು ಮನೆಗೆ ಒಂದೇ ಯಂತ್ರ ಇದ್ದಾಗ ಅದೃಷ್ಟದ ಆಟ. ಹನ್ನೆರಡು ಇದ್ದಾಗ ಎಲ್ಲವೂ ಒಟ್ಟಿಗೆ ಕೆಡುವುದಿಲ್ಲ. ಆ 42,000ದಲ್ಲಿ ಹದಿಮೂರನೆಯ ಕಂಪ್ಯೂಟರನ್ನೇ ಕೊಂಡು ನಾಲ್ಕು ಸಾವಿರ ಉಳಿಸಬಹುದು.

ಕೊನೆಗೆ ಆದ ತೀರ್ಮಾನ ನನ್ನ ಸಲಹೆಗಿಂತ ಒಳ್ಳೆಯದು, ಅದನ್ನು ಕೊಟ್ಟವರು ನಮ್ಮ ನಿವೃತ್ತ ಗಣಿತದ ಮಾಸ್ತರು. ಕಂಪ್ಯೂಟರಿಗೆ ಪ್ಲಾನ್ ಬೇಡ. ಅದರಲ್ಲಿ 14,000 ಲ್ಯಾಬಿನ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಮತ್ತು ಕಿಟಕಿಯ ಜಾಲರಿಗೆ. ಉಳಿದ 28,000 ಶಾಲೆಯ ಪ್ರತ್ಯೇಕ ಖಾತೆಯಲ್ಲಿ, ರಿಪೇರಿಗೆ ಮಾತ್ರ, ಪ್ರತಿ ರೂಪಾಯಿಯ ಲೆಕ್ಕ ನೋಟಿಸ್ ಬೋರ್ಡಿನಲ್ಲಿ. ಸ್ಮಾರ್ಟ್ ಬೋರ್ಡಿನ ಪ್ಯಾನೆಲ್ ಮಾತ್ರ ದುಬಾರಿ, ಅದು ಒಂದೇ ಇರುವುದು, ಹಾಗಾಗಿ ಅದಕ್ಕೆ ತಯಾರಿಸಿದ ಕಂಪನಿಯದ್ದೇ ಮೂರು ವರ್ಷದ ವಾರಂಟಿ, ಶಾಲೆಗೇ ಬಂದು ಸರಿ ಮಾಡುವ ಷರತ್ತನ್ನು ಬರೆಸಿಕೊಂಡು. ಮತ್ತೆ ತಿಂಗಳಿಗೊಮ್ಮೆ ಲ್ಯಾಬನ್ನು ನೋಡಿ ಹೋಗಲು ಹೆಸರು ಹೇಳಬೇಡ ಅಂದ ನನ್ನ ಗೆಳೆಯ ಒಪ್ಪಿದ್ದಾನೆ. ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳು ಅವನ ಜೊತೆ ಸ್ಕ್ರೂಡ್ರೈವರ್ ಹಿಡಿಯಬೇಕು ಎಂಬುದು ಅವನ ಒಂದೇ ಷರತ್ತು.

ಅಪ್ಪ ಈಗ ಇಲ್ಲ. ಅವರ ಪೆಟ್ಟಿಗೆಯಲ್ಲಿ ಆ ಟೀವಿಯ ವಾರಂಟಿ ಕಾರ್ಡ್ ಇನ್ನೂ ಇದೆ. ಅಮ್ಮನ ಫ್ರಿಜ್ ಓಡುತ್ತಿದೆ. ಪಕ್ಕದ ಇಬ್ಬರ ಮನೆಯವರೂ ಅಮ್ಮನೂ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ, ಯಾರ ಫ್ರಿಜ್ ನಿಂತರೂ ಇನ್ನೊಬ್ಬರ ಮನೆಯಲ್ಲಿ ಔಷಧಕ್ಕೆ ಒಂದು ಮೂಲೆ, ಕೇಳದೆ ಬಾಗಿಲು ತೆರೆಯಬಹುದು. ಅದಕ್ಕೆ ಕಾಗದ ಇಲ್ಲ, ಕಂತು ಇಲ್ಲ.

ಮುಂದಿನ ಸಲ ಅಂಗಡಿಯಲ್ಲಿ ಆ ಪ್ರಶ್ನೆ ಬಂದಾಗ ಎರಡು ನಿಮಿಷ ತೆಗೆದುಕೊಂಡು ಹಿಂದಿನ ಸಣ್ಣ ಅಕ್ಷರ ಓದಿ, ಒಂದು ಭಾಗಾಕಾರ ಮಾಡಿ. ಆ ಭಾಗಾಕಾರ ಕಲಿಸಿದ ಗುರುಗಳಿಗೆ ಈ ಅಂಗಳದಲ್ಲಿ ನಿಂತು ತಲೆಬಾಗಿ ನಮಸ್ಕರಿಸುತ್ತೇನೆ.